ಊಟ ಮುಗಿದ ಮೇಲೆ ಕಾಣುವ ಹೆಸರು

ಮುನ್ನೂರು ತಟ್ಟೆ ಮೇಲಿದ್ದ ಹೆಸರನ್ನ ಅಳಿಸಿ ಹಾಕಿದವಳು ನಾನೇ. ಬೇರೆ ಯಾರ ತಲೆಗಾದ್ರೂ ಕಟ್ಟೋಕೆ ದಾರಿ ಇದ್ದಿದ್ರೆ ಕಟ್ಟಿಬಿಡ್ತಿದ್ದೆ, ನನ್ನ ಬುದ್ಧಿ ನನಗೆ ಚೆನ್ನಾಗಿ ಗೊತ್ತು. ಆದರೆ ಅಂಗಡಿಗೆ ಹೊತ್ತುಕೊಂಡು ಹೋದವಳೂ ನಾನು, ಅಳಿಸಿ ಅಂದವಳೂ ನಾನು, ವಾಪಸ್ ತಂದವಳೂ ನಾನು. ಆವಾಗ ನನಗೆ ಇಪ್ಪತ್ತೊಂದು ವರ್ಷ. ಬಿ.ಬಿ.ಎ. ಕೊನೆ ಸೆಮಿಸ್ಟರು, ಇಂಟರ್ನ್‌ಶಿಪ್ ಮಾಡ್ತಿದ್ದೆ.

ಸೇರಿದ್ದು ಜಯಲಕ್ಷ್ಮಿಪುರಂನ ‘ತಟ್ಟೆ ಮನೆ’ಗೆ. ಹೆಸರು ಕೇಳಿ ದೊಡ್ಡ ಕಂಪನಿ ಅಂದ್ಕೋಬೇಡಿ. ದಾಕ್ಷಾಯಣಮ್ಮ ಅಂತ, ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರಾದವರು, ಅವರ ಮನೆ ಪಕ್ಕದ ಕಾರ್ ಶೆಡ್ಡಲ್ಲಿ ಸ್ಟೀಲ್ ತಟ್ಟೆ, ಲೋಟ, ಬಟ್ಟಲು ಜೋಡಿಸಿಟ್ಟು ಬಾಡಿಗೆಗೆ ಕೊಡ್ತಿದ್ರು. ಕಾರು ಬೀದೀಲಿ ಬಿಸಿಲು ಕಾಯ್ತಿತ್ತು. ನಾಮಕರಣ, ಗೃಹಪ್ರವೇಶ, ಮದುವೆ, ಎಲ್ಲೆಲ್ಲಿ ಪ್ಲಾಸ್ಟಿಕ್ ತಟ್ಟೇಲಿ ಬಫೆ ಹಾಕ್ತಾರೋ ಅಲ್ಲಿಗೆಲ್ಲ ನಮ್ಮ ಸ್ಟೀಲ್ ತಟ್ಟೆ ಹೋಗಬೇಕು, ಊಟ ಆದಮೇಲೆ ವಾಪಸ್ ಬರಬೇಕು, ಅಂಟುವಾಳದ ನೀರಲ್ಲಿ ತೊಳೆದು ಮತ್ತೆ ಜೋಡಿಸಬೇಕು. ಇಷ್ಟೇ ವ್ಯಾಪಾರ. ನಮ್ಮಪ್ಪ ದೇವರಾಜ ಮಾರ್ಕೆಟ್ಟಿಗೆ ಬಾಳೆ ಎಲೆ ಹಾಕೋರು. “ಅಲ್ಲ ಕಣವ್ವ, ಅಪ್ಪ ಎಲೆ ಮಾರೋದು, ಮಗಳು ತಟ್ಟೆ ಹಂಚೋದು. ನನ್ನ ಹೊಟ್ಟೆ ಮೇಲೇ ಹೊಡೀಬೇಕಾ ನೀನು?” ಅಂತ ರೇಗಿಸೋರು.

ನನಗೆ ಈ ಹುಚ್ಚು ಹಿಡಿದಿದ್ದು ಹಿಂದಿನ ವರ್ಷದ ಆಷಾಢ ಶುಕ್ರವಾರ. ಅವ್ವನ ಜೊತೆ ಬೆಟ್ಟ ಹತ್ತಿ ಇಳಿದು ಬಂದಾಗ, ಕೆಳಗೆ ರಸ್ತೆ ಬದೀಲಿ ಯಾರೋ ಪುಣ್ಯಾತ್ಮರು ಪುಳಿಯೋಗರೆ ಹಂಚಿ ಹೋದ ಜಾಗದಲ್ಲಿ ಪ್ಲಾಸ್ಟಿಕ್ ತಟ್ಟೆ ಮೊಣಕಾಲುದ್ದ ಬಿದ್ದಿತ್ತು. ಒಂದು ಹಸು ತಟ್ಟೆ ಸಮೇತ ಅಗೀತಾ ನಿಂತಿತ್ತು. ಅವ್ವ ಅದರ ಬಾಯಿಂದ ತಟ್ಟೆ ಎಳೆಯೋಕೆ ಹೋಗಿ ಹಾಯಿಸ್ಕೊಂಡು ಬಿದ್ದಳು. ಅವಳನ್ನ ಎಬ್ಬಿಸಿ ಸೀರೆ ಕೊಡವುತ್ತಾ ಇದ್ದಾಗಲೇ ತೀರ್ಮಾನ ಮಾಡಿದೆ, ಓದು ಮುಗಿಸಿ ಇದೇ ಕೆಲಸ ಮಾಡೋದು ಅಂತ. ಮೈಸೂರಿಗೆಲ್ಲ ತಟ್ಟೆ, ಆಮೇಲೆ ಮಂಡ್ಯ, ಚಾಮರಾಜನಗರ, ಆಮೇಲೆ ಇಡೀ ರಾಜ್ಯ. ಕನಸು ಕಾಣೋಕೆ ಯಾರನ್ನ ಕೇಳಬೇಕು!

ಮೊದಲ ದಿನ ದಾಕ್ಷಾಯಣಮ್ಮ ಮೇಡಂ ನನ್ನ ಲ್ಯಾಪ್‌ಟಾಪ್ ನೋಡಿ, “ಅದನ್ನ ಒಳಗಿಡು. ಮೊದಲು ನೂರು ತಟ್ಟೆ ತೊಳಿ, ಆಮೇಲೆ ಪರಿಸರ ಉಳಿಸೋಣಂತೆ” ಅಂದ್ರು. ಬೈಯೋದರಲ್ಲಿ ಧಾರಾಳಿ, ಹೊಗಳೋದರಲ್ಲಿ ಜಿಪುಣಿ. ಆದರೆ ಕೆಲಸ ಅಂದ್ರೆ ಕೆಲಸ. ಒಂದು ಉದ್ದನೆ ಪುಸ್ತಕ ಇಟ್ಟಿದ್ರು. ತಾರೀಖು, ಯಾವ ಕಾರ್ಯ, ಎಷ್ಟು ತಟ್ಟೆ, ಕೊನೇಲಿ ‘ಮಿಕ್ಕಿದ್ದು’ ಅಂತ ಒಂದು ಕಾಲಂ. ಜನ ತಟ್ಟೇಲಿ ಬಿಟ್ಟ ಅನ್ನ ಎಷ್ಟು ಬಕೆಟ್ ಆಯ್ತು ಅನ್ನೋದನ್ನೂ ಬರೀತಿದ್ರು. “ತಟ್ಟೆ ಉಳಿಸಿ ಅನ್ನ ಚೆಲ್ಲಿದ್ರೆ ಏನು ಭಾಗ್ಯ ಬಂತು?” ಅನ್ನೋರು. ಮದುವೆ ಇದ್ದ ಕಡೆಯೆಲ್ಲ ಎರಡು ಬಕೆಟ್, ಮೂರು ಬಕೆಟ್ ಅಂತಲೇ ಇರೋದು.

ಶೆಡ್ಡಿನ ಮೂಲೇಲಿ ಬೀಗ ಹಾಕಿದ ಒಂದು ಕಬ್ಬಿಣದ ಬೀರು ಇತ್ತು. ಅದರೊಳಗೆ ಮುನ್ನೂರು ತಟ್ಟೆ, ನಮ್ಮ ಹತ್ರ ಇದ್ದ ಎಲ್ಲಕ್ಕಿಂತ ದಪ್ಪ, ಒಳ್ಳೆ ತೂಕ. ಒಂದೊಂದರ ನಡುಮಧ್ಯೆ, ಅನ್ನ ಬಡಿಸೋ ಜಾಗದಲ್ಲಿ, ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ಚಿ. ಸೌ. ರಕ್ಷಿತಾ, ಚಿ. ರಾ. ಚಂದ್ರಮೌಳಿ. ಕೆಳಗೆ ಮದುವೆ ತಾರೀಖು, ೧೬-೫-೨೦೨೧.

ಪಾತ್ರೆ ಮೇಲೆ ಹೆಸರು ಹಾಕಿಸೋದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಮಗಳಿಗೆ ಕೊಡೋ ಬಿಂದಿಗೆಯಿಂದ ಹಿಡಿದು ತಾಂಬೂಲದ ಜೊತೆ ಹಂಚೋ ಬಟ್ಟಲವರೆಗೆ ಹೆಸರಿಲ್ಲದೆ ಹೋಗೋದೇ ಇಲ್ಲ. ನಮ್ಮವ್ವ ಕೆಂಚಮ್ಮಂಗೆ ಓದು ಬರೋಲ್ಲ. ಅವಳ ಹೆಸರು ರೇಷನ್ ಕಾರ್ಡು ಬಿಟ್ರೆ ಇರೋದು ತವರಿಂದ ತಂದ ಹಿತ್ತಾಳೆ ಬಿಂದಿಗೆ ಮೇಲೆ ಮಾತ್ರ. ನೀರು ತುಂಬಿ ಎತ್ತೋ ಮೊದಲು ಆ ಅಕ್ಷರದ ಮೇಲೆ ಒಂದ್ಸಲ ಬೆರಳಾಡಿಸ್ತಾಳೆ. ಹುಟ್ಟಿದಾಗಿಂದ ಇದನ್ನ ನೋಡಿದ್ದೀನಿ ಕಣ್ರೀ ನಾನು. ಗೊತ್ತಿಲ್ಲದೆ ಮಾಡಿದೆ ಅನ್ನೋ ಹಾಗೂ ಇಲ್ಲ.

ಆ ತಟ್ಟೆಗಳ ಕತೆ ಮೇಡಂ ಮೊದಲ ವಾರವೇ ಹೇಳಿದ್ರು. ದೇವರಾಜ ಮೊಹಲ್ಲಾದಲ್ಲಿ ವಿಭೂತಿ, ಕರ್ಪೂರ, ಬತ್ತಿ ಮಾರೋ ಅಂಗಡಿಯ ಪುಟ್ಟಲಿಂಗಮ್ಮ ಇದಾರಲ್ಲ, ಅವರ ಒಬ್ಬಳೇ ಮಗಳು ರಕ್ಷಿತಾ. ಗಂಡ ಹೋದಮೇಲೆ ಆಯಮ್ಮ ಒಬ್ಬರೇ ಅಂಗಡೀಲಿ ಕೂತು ಮಗಳನ್ನ ಓದಿಸಿ, ಮದುವೆ ಗೊತ್ತು ಮಾಡಿದ್ರು. ಬಂದವರಿಗೆಲ್ಲ ತಾಂಬೂಲದ ಜೊತೆ ಕೊಡೋಕೆ ಈ ತಟ್ಟೆ ಮಾಡಿಸಿದ್ರು. ಮದುವೆಗೆ ಹದಿಮೂರು ದಿನ ಇದೆ ಅನ್ನುವಾಗ, ಮೇ ಮೂರನೇ ತಾರೀಖು, ಕೊರೋನದಲ್ಲಿ ಹುಡುಗಿ ಹೋಗಿಬಿಟ್ಟಳು. ಮುಖ ನೋಡೋಕೂ ಬಿಡಲಿಲ್ಲವಂತೆ. ಆಮೇಲೂ ಆಯಮ್ಮ ಮಗಳಿಗೆ ಶಿವಗಣಾರಾಧನೆ, ಅಂದ್ರೆ ತೀರಿಕೊಂಡವರ ಹೆಸರಲ್ಲಿ ಮಾಡೋ ಕಾರ್ಯ, ಮಾಡಲೇ ಇಲ್ಲ. ನೆಂಟರು ಹೇಳಿದ್ರು, ಮಠದ ಅಯ್ಯನೋರು ಹೇಳಿದ್ರು, ಊಹೂಂ. ಮಾರನೇ ವರ್ಷ ಮುನ್ನೂರು ತಟ್ಟೇನೂ ತಂದು ಮೇಡಂ ಕೈಲಿಟ್ಟು ಹೇಳಿದ್ರಂತೆ: “ಮನೇಲಿಟ್ಕೊಂಡ್ರೆ ಎದೆ ಒಡೀತದೆ, ಗುಜರಿಗೆ ಹಾಕೋಕೆ ಕೈ ಬರಲ್ಲ. ನಾಲ್ಕು ಜನ ಉಣ್ಣಲಿ. ಹೆಸರು ಮಾತ್ರ ಹಂಗೇ ಇರಲಿ ತಾಯಿ.”

ಒಪ್ಪಿದ್ದೇನೋ ಒಪ್ಪಿದ್ರು, ಆದರೆ ತೀರಿಕೊಂಡ ಹುಡುಗಿ ಹೆಸರಿರೋ ತಟ್ಟೇನ ಮದುವೆ ಮನೆಗೆ ಯಾರು ತಗೋತಾರೆ? ಹಾಗಾಗಿ ಆ ತಟ್ಟೆ ವರ್ಷಕ್ಕೆ ಒಂದೇ ಸಲ ಬೀರುವಿಂದ ಹೊರಗೆ ಬರ್ತಿತ್ತು. ಮೇ ಹದಿನಾರನೇ ತಾರೀಖು ಮಠದೋರು ನಡೆಸೋ ಮಕ್ಕಳ ಆಶ್ರಮದಲ್ಲಿ, ಅಪ್ಪ ಅಮ್ಮ ಇಲ್ಲದ ಮಕ್ಕಳಿಗೂ ಅಕ್ಕಪಕ್ಕದವರಿಗೂ ಪುಟ್ಟಲಿಂಗಮ್ಮ ಒಬ್ಬಟ್ಟಿನ ಊಟ ಹಾಕಿಸೋರು. ಪುಸ್ತಕದಲ್ಲಿ ‘ಯಾವ ಕಾರ್ಯ’ ಅನ್ನೋ ಕಡೆ ಅವರೇ ಎದುರು ಕೂತು ‘ಮದುವೆ’ ಅಂತ ಬರೆಸೋರಂತೆ. ಎರಡು ವರ್ಷದ್ದೂ ನೋಡಿದೆ. ಎರಡು ಸಲಾನೂ ‘ಮದುವೆ’. ‘ಮಿಕ್ಕಿದ್ದು’ ಅನ್ನೋ ಕಡೆ ಎರಡು ಸಲಾನೂ ‘ಏನೂ ಇಲ್ಲ’.

ನನ್ನ ಕಣ್ಣಿಗೆ ಬಿದ್ದಿದ್ದು ಈ ಕೊನೇದು. ಮುನ್ನೂರು ತಟ್ಟೆ, ಒಂದು ಅಗುಳೂ ಮಿಕ್ಕಿಲ್ಲ! ಮೇ ಹದಿನಾಲ್ಕಕ್ಕೆ ಕಾಲೇಜಲ್ಲಿ ಹಸಿರು ಉದ್ಯಮದ ಸ್ಪರ್ಧೆ ಇತ್ತು, ಗೆದ್ದವರಿಗೆ ಸ್ವಂತ ಉದ್ಯಮ ಶುರು ಮಾಡೋಕೆ ಕಾಲೇಜಿಂದಲೇ ಬೆಂಬಲ. ಅದಕ್ಕೆ ಇದಕ್ಕಿಂತ ಒಳ್ಳೆ ಮಾಹಿತಿ ಎಲ್ಲಿ ಸಿಗಬೇಕು? ಯಾಕೆ ಮಿಗಲಿಲ್ಲ ಅಂತ ಮಾತ್ರ ವಿಚಾರಿಸೋಕೆ ಹೋಗಲಿಲ್ಲ. ತಟ್ಟೆ ಅಳತೆ ಸ್ವಲ್ಪ ಚಿಕ್ಕದು, ಅದಕ್ಕೇ ಇರಬೇಕು ಅಂತ ನಾನೇ ಊಹೆ ಮಾಡಿ ಬರ್ಕೊಂಡೆ.

ಏಪ್ರಿಲ್ ಕೊನೇಲಿ ಮೇಡಂ ಶಿವಮೊಗ್ಗದಲ್ಲಿದ್ದ ಅಕ್ಕನಿಗೆ ಆಪರೇಷನ್ ಅಂತ ಹೊರಟ್ರು. ಬೀಗದ ಕೈ ನನ್ನ ಕೈಲಿಟ್ಟು, “ತಲೆ ಉಪಯೋಗಿಸು, ಆದರೆ ಅತಿಯಾಗಿ ಉಪಯೋಗಿಸಬೇಡ” ಅಂತ ಹೇಳಿ ಬಸ್ ಹತ್ತಿದ್ರು. ಅವರು ಹೋದ ನಾಲ್ಕನೇ ದಿನಕ್ಕೆ ಒಂದು ದೊಡ್ಡ ಮದುವೆಯವರು ಬಂದ್ರು. ಮೇ ಹದಿನೆಂಟಕ್ಕೆ ಐನೂರು ತಟ್ಟೆ ಬೇಕು, ಇಲ್ಲದಿದ್ರೆ ಪ್ಲಾಸ್ಟಿಕ್ಕಿಗೇ ಹೋಗ್ತೀವಿ ಅಂದ್ರು. ನನ್ನ ಹತ್ರ ಹೊರಗೆ ಇದ್ದದ್ದು ಮುನ್ನೂರು ಚಿಲ್ಲರೆ. ಬೀರುವಿನೊಳಗೆ ಇನ್ನೂ ಮುನ್ನೂರು, ವರ್ಷಕ್ಕೊಂದು ದಿನ ಬಿಟ್ರೆ ಮಲಗಿರೋ ತಟ್ಟೆ.

ಆಗ ನನ್ನ ತಲೇಲಿ ಏನೇನು ಓಡ್ತು ಹೇಳ್ತೀನಿ, ಮುಚ್ಚಿಡಲ್ಲ. ಆ ಚಂದ್ರಮೌಳಿಗೆ ಬೇರೆ ಮದುವೆಯಾಗಿ ಮಗು ಇದೆ, ಅವನ ಹೆಸರು ಇನ್ನೂ ಈ ತಟ್ಟೆ ಮೇಲಿರೋದು ಸರಿಯಾ? ಆಯಮ್ಮನೂ ಎಷ್ಟು ದಿನ ಅಂತ ಆಗದೇ ಇದ್ದ ಮದುವೆಯ ಊಟ ಹಾಕಿಸ್ತಾರೆ? ಹೆಸರು ಹೋದ್ರೆ ಮಗಳ ತಟ್ಟೆ ನೂರು ಮದುವೇಲಿ ಓಡಾಡ್ತದೆ, ಅದು ಪುಣ್ಯ ಅಲ್ವಾ? ಹೀಗೆ ನನಗೆ ನಾನೇ ವಕೀಲಿ ಮಾಡ್ಕೊಂಡೆ. ಎಲ್ಲದರ ಅಡೀಲಿ ಇದ್ದದ್ದು ಒಂದೇ. ಸ್ಪರ್ಧೇಲಿ ಗೆಲ್ಲಬೇಕು.

ಕೇಳಿದ್ರೆ ಬೇಡ ಅಂತಾರೆ ಅಂತ ಗೊತ್ತಿತ್ತು. ಪೂರ್ತಿ ಕೇಳದೆ ಇರೋಕೆ ಭಯ. ಅದಕ್ಕೆ ಅರ್ಧ ಕೇಳಿದೆ. ಪುಟ್ಟಲಿಂಗಮ್ಮಂಗೆ ಫೋನ್ ಮಾಡಿ, “ಅಮ್ಮ, ನಾನು ತಟ್ಟೆ ಮನೆ ಮಾನಸ. ನಿಮ್ಮ ತಟ್ಟೆಗಳಿಗೆ ಪಾಲಿಶ್ ಹಾಕಿಸ್ಲಾ? ಹದಿನಾರಕ್ಕೆ ಹೊಸದರ ಹಾಗೆ ಹೊಳೀತವೆ” ಅಂದೆ.

ಆ ಕಡೆಯಿಂದ ಅವರ ದನಿ ಬಂತು, ಅಳು ನಗು ಎರಡೂ ಸೇರಿದ್ದು. “ಅಯ್ಯೋ ನನ್ ಕಂದ, ನಂಗೆ ಇದು ಹೊಳೀಲೇ ಇಲ್ವಲ್ಲ. ಹಾಕ್ಸವ್ವ, ಹಾಕ್ಸು. ಮೂರು ವರ್ಷ ಆಯ್ತು, ಮಂಕಾಗವೆ. ನಿನ್ ಹೊಟ್ಟೆ ತಣ್ಣಗಿರಲಿ. ನಿನ್ ಮದುವೆ ಚೆನ್ನಾಗಾಗ್ಲಿ ಮಗ.”

ಆ ಆಶೀರ್ವಾದ ತಗೊಂಡು ನಾನು ಫೋನ್ ಇಟ್ಟೆ. ಖುಷಿಯಾಯ್ತು, ಕೆಲಸ ಆಯ್ತಲ್ಲ ಅಂತ.

ಪಾತ್ರೆಗೆ ಹೆಸರು ಹಾಕೋದು, ಪಾಲಿಶ್ ಮಾಡೋದು ಎರಡೂ ಗೊತ್ತಿರೋ ಮರಿಯಯ್ಯ ಅನ್ನೋರ ಅಂಗಡಿ ದೇವರಾಜ ಮೊಹಲ್ಲಾದ ಒಂದು ಸಂದೀಲಿದೆ. ಮೂಟೆ ಇಳಿಸಿ ಒಂದು ತಟ್ಟೆ ಕೈಗೆ ಕೊಟ್ಟೆ. ನಡುವಿನ ಅಕ್ಷರ ಪೂರ್ತಿ ಹೋಗಬೇಕು ಅಂದೆ. ಅವರು ಕನ್ನಡಕ ಏರಿಸಿ ನೋಡಿದ್ರು.

“ಇದು ನಾನೇ ಹಾಕಿದ್ದಲ್ವಾ ಕೂಸು? ಈ ಹುಡುಗಿ ಇಲ್ಲೇ ಕೂತಿದ್ಲು, ಈ ಸ್ಟೂಲ್ ಮೇಲೆ. ಎರಡು ದಿನ ಬಂದು ಕೂತಿದ್ಲು ಕಣವ್ವ, ಕಡಲೆಕಾಯಿ ತಿಂತಾ. ಅಂಚಿಗೆ ಹಾಕ್ತೀನಿ ಅಂದ್ರೆ ಬೇಡ ಅಂದ್ಲು. ನಡುಮಧ್ಯಕ್ಕೇ ಹಾಕಿ ಅಣ್ಣ, ಊಟ ಮುಗಿಸಿದೋರಿಗೆ ಮಾತ್ರ ನಾವು ಕಾಣಬೇಕು ಅಂದ್ಲು. ಎಂಥಾ ಚೂಟಿ ಅಂತೀಯ!” ತಟ್ಟೆ ಕೆಳಗಿಟ್ಟು, “ಆಯಮ್ಮ ಒಪ್ಪವ್ರಾ?” ಅಂದ್ರು.

“ಒಪ್ಪಿದಾರೆ. ಬೇಕಾದ್ರೆ ಫೋನ್ ಮಾಡಿ.”

ಅಷ್ಟು ಧೈರ್ಯವಾಗಿ ಹೇಳಿದ್ರೆ ಯಾರು ತಾನೇ ಫೋನ್ ಮಾಡ್ತಾರೆ? ಮರಿಯಯ್ಯ ಮಾಡಲಿಲ್ಲ. ಮೊದಲ ತಟ್ಟೇನ ನನ್ನೆದುರಿಗೇ ಚಕ್ರಕ್ಕೆ ಹಿಡಿದ್ರು. ಕಿಡಿ ಹಾರ್ತು. ಮೊದಲು ತಾರೀಖು ಹೋಯ್ತು, ಆಮೇಲೆ ಹುಡುಗನ ಹೆಸರು, ಆಮೇಲೆ ಅವಳದ್ದು. ಕನ್ನಡಿ ಹಾಗಾಯ್ತು ನೋಡಿ, ನನ್ನ ಮುಖ ಕಾಣ್ತಿತ್ತು ಅದರಲ್ಲಿ.

ಸ್ಪರ್ಧೇಲಿ ನನಗೇ ಮೊದಲನೇ ಬಹುಮಾನ ಬಂತು. ‘ನಿರುಪಯುಕ್ತವಾಗಿ ಬಿದ್ದಿದ್ದ ಮುನ್ನೂರು ತಟ್ಟೆಗಳನ್ನು ಬಳಕೆಗೆ ತಂದದ್ದು’ ಅಂತ ಒಂದು ಸ್ಲೈಡ್ ಹಾಕಿದ್ದೆ. ಜಡ್ಜ್ ಒಬ್ಬರು, “ಈ ಊಟದಲ್ಲಿ ಒಂದಗುಳೂ ಮಿಕ್ಕಿಲ್ಲವಲ್ಲ, ಹೇಗೆ?” ಅಂದ್ರು. “ತಟ್ಟೆ ಅಳತೆ ಸರ್” ಅಂದೆ, ಟಕ್ಕಂತ. ಚಪ್ಪಾಳೆ ತಟ್ಟಿದ್ರು. ನಮ್ಮಪ್ಪ ಆವತ್ತು ಮಾರ್ಕೆಟ್ಟಲ್ಲಿ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದ್ರು, ಬಾಳೆ ಎಲೆ ಚೂರಿನ ಮೇಲಿಟ್ಟು.

ಹದಿನೈದಕ್ಕೆ ತಟ್ಟೆ ಬಂತು. ಆವತ್ತೇ ಪುಟ್ಟಲಿಂಗಮ್ಮನ ಮನೆಗೆ ಹೋಗಿ ಹೇಳಿಬಿಡೋಣ ಅಂದ್ಕೊಂಡೆ, ಸಂಜೆ ಹೋಗೋಣ ಅಂದ್ಕೊಂಡೆ, ಹೋಗಲಿಲ್ಲ. ಬೆಳಿಗ್ಗೆ ನೇರ ಆಶ್ರಮಕ್ಕೆ ಆಟೋದಲ್ಲಿ ಮೂಟೆ ಹಾಕ್ಕೊಂಡು ಹೋದೆ. ಮೇಡಂ ಶಿವಮೊಗ್ಗದಿಂದ ಬಸ್ಸಿಳಿದು ಸೀದಾ ಅಲ್ಲಿಗೇ ಬಂದಿದ್ರು, ಇನ್ನೂ ಬ್ಯಾಗು ಹೆಗಲಲ್ಲೇ ಇತ್ತು.

ಪುಟ್ಟಲಿಂಗಮ್ಮ ರೇಷ್ಮೆ ಸೀರೆ ಉಟ್ಟಿದ್ರು. ಮಗಳ ಮದುವೆಗೆ ಅಂತ ತಾನು ಉಡೋಕೆ ತಗೊಂಡ ಸೀರೆಯಂತೆ, ವರ್ಷಕ್ಕೊಂದೇ ದಿನ ಉಡೋದು. ಹಣೆ ತುಂಬ ವಿಭೂತಿ. ನನ್ನ ನೋಡಿದ್ದೇ ಕೆನ್ನೆ ಸವರಿ, “ನೀನೇನಾ ಮಾನಸ? ಎಲ್ಲಿ, ಬಿಚ್ಚು ನೋಡೋಣ, ಎಂಗೆ ಹೊಳೀತವೆ ನನ್ ಮಗಳ ತಟ್ಟೆ” ಅಂದ್ರು.

ಮೂಟೆ ಅವರೇ ಬಿಚ್ಚಿದ್ರು. ಒಂದು ತಟ್ಟೆ ತೆಗೆದು ನೋಡಿದ್ರು. ಹಿಂದೆ ತಿರುಗಿಸಿದ್ರು, ಹಿಂದುಗಡೆ ಇದೆಯೇನೋ ಅಂತ. ಅದನ್ನ ಪಕ್ಕಕ್ಕಿಟ್ಟು ಇನ್ನೊಂದು ತೆಗೆದ್ರು. ಆಮೇಲೆ ಮತ್ತೊಂದು. ಸೆರಗಿನ ತುದೀಲಿ ಕಣ್ಣೊರೆಸಿಕೊಂಡು ಬೆಳಕಿಗೆ ಹಿಡಿದು ನೋಡಿದ್ರು. ನೆಲದ ಮೇಲೆ ಕೂತೇಬಿಟ್ರು. ಒಂದೊಂದೇ ತಟ್ಟೆ, ಮುಂದೆ, ಹಿಂದೆ. ನಾಲ್ಕೂ ಮೂಟೆ. ಮುನ್ನೂರೂ ನೋಡಿದ್ರು ಕಣ್ರೀ. ಒಂದರಲ್ಲಾದ್ರೂ ಉಳಿದಿರಬಹುದು ಅಂತ. ನಾನು ಅಲ್ಲೇ ನಿಂತಿದ್ದೆ. “ಅಮ್ಮ, ನಾನು...” ಅಂತ ಶುರು ಮಾಡಿದೆ ಅಷ್ಟೇ. ಮೇಡಂ ನನ್ನ ಮುಖ ನೋಡಿದ್ರು, ತಟ್ಟೆ ನೋಡಿದ್ರು, ಅವರಿಗೆ ಎಲ್ಲ ಅರ್ಥವಾಯ್ತು. ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ ರಭಸಕ್ಕೆ ಬಳೆ ಒಡೀತು.

ಕೊನೇ ತಟ್ಟೆ ನೋಡಿ ಮುಗಿಸಿ ಪುಟ್ಟಲಿಂಗಮ್ಮ ಎದ್ದು ನಿಂತ್ರು. ಬೈತಾರೆ, ಹೊಡೀತಾರೆ, ಎದೆ ಬಡ್ಕೊಂಡು ಅಳ್ತಾರೆ ಅಂತ ಕಾಯ್ತಿದ್ದೆ. ಅದ್ಯಾವುದೂ ಇಲ್ಲ. “ಮಕ್ಕಳಿಗೆ ಹೊತ್ತಾಯ್ತು, ಬಡಿಸ್ರವ್ವ” ಅಂದ್ರು.

ಬಡಿಸಿದ್ರು. ತಾವೇ ತುಪ್ಪದ ಗಿಂಡಿ ಹಿಡಿದು ಒಬ್ಬಟ್ಟಿನ ಮೇಲೆ ಹಾಕ್ತಾ ಹೋದ್ರು. ನಾನೂ ಪಲ್ಯದ ಪಾತ್ರೆ ಹಿಡಿದೆ, ಏನಾದ್ರೂ ಮಾಡಬೇಕಲ್ಲ. ಮಕ್ಕಳು ಆವತ್ತು ಉಣ್ಣೋ ಪರಿ ನೋಡಬೇಕಿತ್ತು. ಬೆರಳಲ್ಲಿ ಬಳಿದು ಬಳಿದು, ಪಕ್ಕದವರನ್ನ ಓರೆಗಣ್ಣಲ್ಲಿ ನೋಡ್ಕೊಂಡು, ಪಂದ್ಯ ಕಟ್ಟಿದವರ ಹಾಗೆ ತಿಂತಿದ್ರು. ಯಾಕಪ್ಪ ಇಷ್ಟು ಅವಸರ ಅಂದ್ಕೊಂಡೆ. ಮೊದಲ ಸಾಲಲ್ಲಿ ಎರಡು ಜಡೆಯ ಒಂದು ಪುಟ್ಟ ಹುಡುಗಿ ಎಲ್ಲರಿಗಿಂತ ಮೊದಲು ಮುಗಿಸಿ, ತಟ್ಟೆ ಮಧ್ಯ ಅಂಗೈಲಿ ಒರೆಸಿ, ಬಾಯಿ ತೆರೆದಳು. ಏನೋ ಕೂಗೋಕೆ ಹೊರಟವಳು ಹಾಗೇ ನಿಂತುಬಿಟ್ಟಳು. ಇನ್ನೊಂದ್ಸಲ ಒರೆಸಿದಳು. ತಲೆ ಎತ್ತಿ ಪುಟ್ಟಲಿಂಗಮ್ಮನ್ನ ಕೇಳಿದಳು:

“ಅಜ್ಜಿ, ರಕ್ಷಿತಕ್ಕ ಎಲ್ಲಿ?”

ಆಮೇಲೆ ಆಶ್ರಮದ ಅಡುಗೆಯವರು ಹೇಳಿದ್ರು ನನಗೆ. ವರ್ಷಾ ವರ್ಷ ಅದೇ ಆಟವಂತೆ. ತಟ್ಟೆ ಪೂರ್ತಿ ಖಾಲಿ ಮಾಡಿ ಹೆಸರು ಕಂಡವರು “ರಕ್ಷಿತಕ್ಕ ಬಂದ್ಲು!” ಅಂತ ಕೂಗೋದು. ಒಂದು ಕಡೆಯಿಂದ ಒಬ್ಬರು, ಇನ್ನೊಂದು ಕಡೆಯಿಂದ ಹತ್ತು ಜನ, ಆಮೇಲೆ ಇಡೀ ಹಾಲು. ಪುಟ್ಟಲಿಂಗಮ್ಮ ಬಾಗಿಲ ಹತ್ರ ನಿಂತು ಅದನ್ನ ಕೇಳೋಕೇ ವರ್ಷವೆಲ್ಲ ಕಾಯ್ತಿದ್ರಂತೆ. ಒಂದಗುಳು ಮಿಗದೇ ಇದ್ದದ್ದು ಅದಕ್ಕೆ. ತಟ್ಟೆ ಅಳತೆಯಂತೆ, ಥೂ!

ಆವತ್ತು ಒಬ್ಬೊಬ್ಬರಾಗಿ ಮಕ್ಕಳು ಊಟ ಮುಗಿಸಿದ್ರು, ಯಾರೂ ಕೂಗಲಿಲ್ಲ. ಪುಟ್ಟಲಿಂಗಮ್ಮ ಆ ಎರಡು ಜಡೆ ಹುಡುಗಿ ತಲೆ ಸವರಿ, “ಊಟ ಮಾಡು ಕಂದ, ಇನ್ನೊಂದು ಒಬ್ಬಟ್ಟು ಹಾಕ್ಲಾ?” ಅಂದ್ರು ಅಷ್ಟೇ.

ಎಲ್ಲ ಮುಗಿದು ತಟ್ಟೆ ಮೂಟೆ ಕಟ್ಟುವಾಗ ಅವರ ಕಾಲಿಗೆ ಬಿದ್ದೆ. ಅತ್ತೆ. ತಪ್ಪಾಯ್ತು ಅಂದೆ. ಅವರು ಎಬ್ಬಿಸಿದ್ರು. ನನ್ನ ಮೇಲೆ ಸಿಟ್ಟಾದ್ರೂ ಮಾಡ್ಕೊಂಡಿದ್ರೆ ನಾನು ಬದುಕ್ತಿದ್ದೆ. “ಈಗ ಯಾರ ಮದುವೆಗಾದ್ರೂ ಕೊಡಬೌದಲ್ಲ ಮಗ” ಅಂದ್ರು. ಚುಚ್ಚಿ ಹೇಳಿದ ಮಾತಲ್ಲ ಅದು. ನಿಜವಾಗಲೂ ಕೇಳಿದ್ರು. ಅದಕ್ಕೇ ಇವತ್ತಿಗೂ ಕಿವೀಲಿದೆ.

ಹದಿನೆಂಟಕ್ಕೆ ಮಾತು ಕೊಟ್ಟಿದ್ದರಿಂದ ಮೇಡಂ ತಟ್ಟೆ ಕಳಿಸಲೇಬೇಕಾಯ್ತು. ಆ ಮದುವೇಲಿ ಮಿಕ್ಕಿದ್ದು ನಾಲ್ಕು ಬಕೆಟ್ ಅನ್ನ. ತಟ್ಟೆಯಿಂದ ಅದನ್ನ ಬಳಿದು ಬಳಿದು ಸುರಿದವಳೂ ನಾನೇ.

ಮನೇಲಿ ಅವ್ವಂಗೆ ಎಲ್ಲ ಹೇಳಿದೆ. ಅವಳು ಬಾಯಿ ಮೇಲೆ ಕೈಯಿಟ್ಟು ಕೇಳಿಸ್ಕೊಂಡಳು. ಒಂದು ಮಾತು ಬೈಲಿಲ್ಲ. ರಾತ್ರಿ ಊಟಕ್ಕೆ ಎದ್ದಾಗ ನೋಡ್ತೀನಿ, ಬಚ್ಚಲ ಹತ್ರ ಇರ್ತಿದ್ದ ಹಿತ್ತಾಳೆ ಬಿಂದಿಗೆ ಅಟ್ಟದ ಮೇಲೆ ಹೋಗಿದೆ. ಯಾಕವ್ವ ಅಂದೆ. “ಇರ್ಲಿ ಬುಡು” ಅಂದಳು. ನನ್ನ ಹೆತ್ತವಳು ನನ್ನಿಂದ ಬಿಂದಿಗೆ ಬಚ್ಚಿಟ್ಟಳು.

ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ ಮೇಡಂ ಸಹಿ ಹಾಕಿದ್ರು. ಅಭಿಪ್ರಾಯದ ಜಾಗದಲ್ಲಿ ಬರೆದದ್ದು ಎರಡೇ ಸಾಲು: ‘ಕೆಲಸದಲ್ಲಿ ಚುರುಕು. ಕೇಳುವುದನ್ನು ಕಲಿಯಬೇಕು.’ ಕಾಲೇಜಿನವರು ಕೊಡ್ತೀವಿ ಅಂದ ಬೆಂಬಲ ನಾನು ತಗೊಳ್ಳಲಿಲ್ಲ. ಸ್ಪರ್ಧೆಗೆ ಹೇಳಿದ್ದು ಸುಳ್ಳು ಅಂತ ಗೈಡ್ ಹತ್ರ ಹೋಗಿ ಒಪ್ಪಿಕೊಂಡೆ, ಅವರಿಗೆ ಅದು ಅಷ್ಟು ದೊಡ್ಡ ವಿಷಯ ಅನ್ನಿಸಲೇ ಇಲ್ಲ. ಇಡೀ ರಾಜ್ಯಕ್ಕೆ ತಟ್ಟೆ ಹಂಚೋ ಕನಸು ಎಲ್ಲಿ ಹೋಯ್ತೋ ಗೊತ್ತಿಲ್ಲ. ಬೇರೆ ಕೆಲಸಕ್ಕೆ ಹೋಗೋಕೂ ಮನಸ್ಸು ಬರಲಿಲ್ಲ. ಪರೀಕ್ಷೆ ಮುಗಿದ ಮಾರನೇ ದಿನ ಮತ್ತೆ ಆ ಶೆಡ್ಡಿಗೇ ಹೋಗಿ ನಿಂತೆ. ಮೇಡಂ, “ಏನೇ, ಇನ್ನೇನು ಬಾಕಿ ಇದೆ ಅಳಿಸೋಕೆ?” ಅಂದ್ರು. ನಾನು ಬಾಗಿಲಲ್ಲೇ ನಿಂತಿದ್ದೆ. “ನಿಂತಿದ್ರೆ ಏನಾಗ್ತದೆ, ಅಂಟುವಾಳ ನೆನೆಹಾಕು” ಅಂದ್ರು.

ಹಗಲು ಅಲ್ಲಿ ಕೆಲಸ, ಸಂಜೆ ಮರಿಯಯ್ಯನ ಅಂಗಡಿ. ಹೆಸರು ಹಾಕೋ ಮಷಿನ್ ಕಲಿಸಿ ಅಂತ ದುಂಬಾಲು ಬಿದ್ದೆ. ಅವರೂ, “ಒಂದು ಫೋನ್ ಮಾಡಬೇಕಿತ್ತು ನಾನು” ಅಂತ ದಿನಾ ಅನ್ನೋರು. ಪೆನ್ನಿನಂಥ ಮಷಿನ್ನು, ಗುಂಯ್ ಅಂತ ನಡುಗ್ತದೆ, ಕೈ ಸ್ವಲ್ಪ ಅಲುಗಿದ್ರೂ ಅಕ್ಷರ ಹಾಳು. ಗುಜರಿ ತಟ್ಟೆಗಳ ಮೇಲೆ ಮೂರು ತಿಂಗಳು ತಿದ್ದಿದೆ. ರಕ್ಷಿತಾ, ರಕ್ಷಿತಾ, ರಕ್ಷಿತಾ. ಮುನ್ನೂರಕ್ಕೂ ಮತ್ತೆ ಬರೆದುಕೊಟ್ಟೇ ತೀರ್ತೀನಿ ಅಂತ ಹಟ.

ಕೈ ಕುದುರಿದ ಮೇಲೆ ಅದೇ ತಟ್ಟೆಗಳಲ್ಲಿ ಒಂದನ್ನ ತಗೊಂಡು, ಅದೇ ಜಾಗದಲ್ಲಿ ಹೆಸರು ಬರೆದು, ಪುಟ್ಟಲಿಂಗಮ್ಮನ ಅಂಗಡಿಗೆ ಹೋದೆ. ಶ್ರಾವಣ ಸೋಮವಾರ, ಅಂಗಡೀಲಿ ಜನ ಇದ್ರು. ಎಲ್ಲರನ್ನೂ ಕಳಿಸಿ ನನಗೆ ಸ್ಟೂಲ್ ಹಾಕಿದ್ರು, ಬಾಳೆಹಣ್ಣು ಕೊಟ್ರು. ತಟ್ಟೆ ಕೈಗೆ ಕೊಟ್ಟೆ.

ತುಂಬ ಹೊತ್ತು ನೋಡಿದ್ರು. ಬೆರಳಾಡಿಸಿದ್ರು.

“ಚೆನ್ನಾಗಿ ಬರ್ದಿದೀಯ ಕಣವ್ವ. ಕೈ ಪಳಗಿದೆ.”

“ಮುನ್ನೂರಕ್ಕೂ ಬರೀತೀನಿ ಅಮ್ಮ. ಬರೋ ಮೇ ತಿಂಗಳಿಗೆ ಎಲ್ಲ ರೆಡಿ ಮಾಡ್ತೀನಿ.”

“ಚಿ. ಸೌ. ಬಿಟ್ಟಿದೀಯಲ್ಲ?”

ನಾನು ತಲೆ ತಗ್ಗಿಸಿದೆ. ಅದನ್ನ ಬರೆಯೋಕೆ ಎಷ್ಟೋ ಸಲ ಮಷಿನ್ ಹಿಡಿದಿದ್ದೆ. ಚಿರಂಜೀವಿ ಅಂತ ಹೇಗೆ ಬರೀಲಿ? “ಬರೆಯೋಕೆ ಕೈ ಬರಲಿಲ್ಲ ಅಮ್ಮ” ಅಂದೆ.

“ಅದೇ ಮಗ.” ತಟ್ಟೇನ ಮೆತ್ತಗೆ ನನ್ನ ಮಡಿಲಲ್ಲಿಟ್ರು. “ಮರಿಯಯ್ಯ ಬರೆಯೋವಾಗ ಅವಳು ಪಕ್ಕದಲ್ಲೇ ಕೂತ್ಕೊಂಡು ಕಡಲೆಕಾಯಿ ತಿಂತಿದ್ಲು. ಅದು ಬದುಕಿದ್ದೋಳ ಹೆಸರು. ನೀನು ಬರ್ದಿರೋದು ಸತ್ತೋಳ ಹೆಸರು. ಬೇಡ. ಮೂರು ವರ್ಷ ಆ ತಟ್ಟೆ ನೋಡ್ಕೊಂಡು, ಇನ್ನೂ ಮದುವೆ ಬಾಕಿ ಐತೆ ಅಂತ ನಂಗೆ ನಾನೇ ಹೇಳ್ಕೊಂಡು ಬಂದೆ. ಈಗ ಹೇಳ್ಕೊಳೋಕೆ ಏನೂ ಉಳೀಲಿಲ್ಲ.”

ಬಾಳೆಹಣ್ಣು ಕೈಲೇ ಇತ್ತು. ತಿನ್ನು ಅಂದ್ರು. ಅವರ ಎದುರು ಕೂತು ಅಳುತ್ತಲೇ ತಿಂದೆ.

ಈಗಲೂ ತಟ್ಟೆ ಮನೇಲೇ ಇದ್ದೀನಿ. ಹೋದ ಆಷಾಢದಲ್ಲಿ ಬೆಟ್ಟದ ಕೆಳಗೆ ಪ್ರಸಾದ ಹಂಚೋ ಎರಡು ಸಂಘದವರಿಗೆ ನಮ್ಮ ತಟ್ಟೇಲೇ ಕೊಡೋ ಹಾಗೆ ಮಾಡಿದ್ವಿ. ಮನೆ ಖಾಲಿ ಮಾಡೋರು ಹಳೇ ಪಾತ್ರೆ ತಂದುಕೊಟ್ರೆ ಮೊದಲು ಕೂರಿಸಿ, ಇದು ಯಾರ ಹೆಸರು ಅಂತ ಕೇಳ್ತೀನಿ. ಪೂರ್ತಿ ಕೇಳ್ತೀನಿ. ಪುಸ್ತಕದಲ್ಲಿ ಅದಕ್ಕೂ ಒಂದು ಕಾಲಂ ಹಾಕಿದ್ದೀನಿ. ಮೇಡಂ ನೋಡಿ ಏನೂ ಅನ್ನಲಿಲ್ಲ, ಅವರ ಮಟ್ಟಿಗೆ ಅದು ಹೊಗಳಿಕೆ.

ಹೋದ ವರ್ಷ ಏಪ್ರಿಲ್ ಕೊನೇಲಿ ಫೋನ್ ಬಂತು. ಪುಟ್ಟಲಿಂಗಮ್ಮ. ಆಯಮ್ಮ ಮತ್ತೆ ಹದಿನಾರರ ಊಟ ಹಾಕಿಸ್ತಾರೆ, ನನ್ನನ್ನ ಕ್ಷಮಿಸಿದ್ರು ಅಂತ ಒಂದು ಗಳಿಗೆ ನಂಬಿಬಿಟ್ಟೆ.

“ಮಾನಸ, ಒಂದು ಇನ್ನೂರು ತಟ್ಟೆ ಬೇಕಿತ್ತು ಮಗ.”

“ಕೊಡ್ತೀನಿ ಅಮ್ಮ. ಹದಿನಾರಕ್ಕಲ್ವಾ? ನಾನೇ ತರ್ತೀನಿ.” ಪುಸ್ತಕ ತೆಗೆದು ಆಗಲೇ ‘ಮ’ ಅಂತ ಬರೆದಿದ್ದೆ.

“ಅಲ್ಲ ಕಣವ್ವ. ಮೂರನೇ ತಾರೀಖಿಗೆ.”

ನಾನು ಪೆನ್ನು ಎತ್ತಿದೆ.

“ಶಿವಗಣಾರಾಧನೆ ಅಂತ ಬರ್ಕೊ. ನಾಲ್ಕು ವರ್ಷ ಆಯ್ತಲ್ಲ, ಎಷ್ಟು ದಿನ ಅಂತ ಬಾಕಿ ಇಟ್ಕೊಳ್ಳೋದು.” ಆ ಕಡೆ ಅಂಗಡೀಲಿ ಯಾರೋ ಕರ್ಪೂರ ಕೇಳ್ತಿದ್ರು, ಇರಪ್ಪ ಅಂತ ಅವರಿಗೆ ಹೇಳಿ ಮತ್ತೆ ನನ್ನ ಕಡೆ ತಿರುಗಿದ್ರು. “ಬರ್ಕೊಂಡ್ಯಾ?”

‘ಮ’ ಹೊಡೆದು ಹಾಕಿ ಅದರ ಪಕ್ಕ ಬರೆದೆ.

“ಬರ್ಕೊಂಡೆ ಅಮ್ಮ” ಅಂದೆ.